ಬಯಾಪ್ಸಿ ವರದಿಗೆ ಇನ್ನೊಂದು ಸಾಲು

ಸ್ತನ ಕ್ಯಾನ್ಸರ್‌ಗೆ ಕೀಮೋಥೆರಪಿಯನ್ನು ಆಪರೇಷನ್ ಆದ ಮೇಲೆ ಕೊಡಬಹುದು, ಅದಕ್ಕೂ ಮೊದಲೇ ಕೊಡಬಹುದು. ಮೊದಲೇ ಕೊಡುವ ಪದ್ಧತಿ ಹುಟ್ಟಿದ್ದು ಗಂಟು ತೀರಾ ದೊಡ್ಡದಾಗಿ ನೇರವಾಗಿ ಆಪರೇಷನ್ ಮಾಡಲಾಗದವರಿಗಾಗಿ. ಈಗ ಇಆರ್, ಪಿಆರ್ ಎಂಬ ಹಾರ್ಮೋನ್ ಗ್ರಾಹಕಗಳೂ ಹರ್-2 ಪ್ರೋಟೀನೂ ಇಲ್ಲದ ಟ್ರಿಪಲ್ ನೆಗೆಟಿವ್ ಮತ್ತು ಹರ್-2 ಹೆಚ್ಚಿರುವ ಹರ್-2 ಪಾಸಿಟಿವ್ ಬಗೆಗಳಲ್ಲಿ ಗಂಟು ಎರಡು ಸೆಂಟಿಮೀಟರ್ ದಾಟಿದ್ದರೆ ಅಥವಾ ಕಂಕುಳಿನ ಗ್ರಂಥಿಗಳಿಗೆ ಹರಡಿದ್ದರೆ ಸಾಮಾನ್ಯವಾಗಿ ಇದೇ ದಾರಿ. ಔಷಧ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಲು ಸಿಗುವುದು ಇದರ ದೊಡ್ಡ ಅನುಕೂಲ. ಕೀಮೋ ಮುಗಿಸಿ ಆಪರೇಷನ್ ಮಾಡಿದಾಗ ಸ್ತನದ ಭಾಗದಲ್ಲೂ ಕಂಕುಳಿನ ಗ್ರಂಥಿಗಳಲ್ಲೂ ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಕ್ಯಾನ್ಸರ್ ಒಂದಿಷ್ಟೂ ಉಳಿದಿರದಿದ್ದರೆ ಅದನ್ನು ಪೂರ್ಣ ಸ್ಪಂದನೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇದಕ್ಕೆ ಪಿಸಿಆರ್ ಎಂಬ ಹೆಸರಿದೆ. ಕೋವಿಡ್ ಕಾಲದ ಪಿಸಿಆರ್ ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ. ಸುಮಾರು 12 ಸಾವಿರ ರೋಗಿಗಳ ವಿವರ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪೂರ್ಣ ಸ್ಪಂದನೆ ಕಂಡವರಲ್ಲಿ ರೋಗ ಮರುಕಳಿಸುವುದು ಬಹಳ ಕಡಿಮೆ. ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಈ ನಂಟು ಇನ್ನೂ ಗಟ್ಟಿ.

ಆದರೆ ಒಂದೇ ಬಗೆಯ, ಒಂದೇ ಹಂತದ ಕ್ಯಾನ್ಸರ್ ಇರುವ ಇಬ್ಬರು ಹೆಂಗಸರಿಗೆ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಕೊಟ್ಟರೂ ಒಬ್ಬರ ಗಂಟು ಕರಗಿ ಹೋಗುತ್ತದೆ, ಇನ್ನೊಬ್ಬರದು ಜಗ್ಗುವುದಿಲ್ಲ. ಯಾರಿಗೆ ಏನಾದೀತು ಎಂದು ಮೊದಲೇ ಅಂದಾಜು ಮಾಡುವ ದಾರಿಗಳಲ್ಲಿ ಅತ್ಯಂತ ಅಗ್ಗದ್ದು, ಬಡ ದೇಶಗಳಿಗೂ ಎಟುಕುವಂಥದ್ದು, ಗಡ್ಡೆಯೊಳಗೆ ಬಂದು ಸೇರಿರುವ ಲಿಂಫೋಸೈಟ್‌ಗಳ ಪ್ರಮಾಣ. ಲಿಂಫೋಸೈಟ್ ಎಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ. ಹೀಗೆ ಗಡ್ಡೆಗೆ ನುಗ್ಗಿರುವವನ್ನು ವೈದ್ಯರು ಚಿಕ್ಕದಾಗಿ ಟಿಲ್ ಎಂದು ಕರೆಯುತ್ತಾರೆ.

ಈ ಕಣಗಳ ಇರವು ಹೊಸ ಸಂಗತಿಯೇನಲ್ಲ. ಸ್ತನದ ಮೆಡ್ಯುಲರಿ ಕಾರ್ಸಿನೋಮ ಎಂಬ ಬಗೆಯಲ್ಲಿ ಲಿಂಫೋಸೈಟ್‌ಗಳು ಕಿಕ್ಕಿರಿದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದರ ಕೋಶಗಳು ಉಗ್ರವಾಗಿ ಕಂಡರೂ ರೋಗಿಗಳು ನಿರೀಕ್ಷೆಗಿಂತ ಚೆನ್ನಾಗಿ ಬದುಕುತ್ತಾರೆ ಎಂದು ಅಮೆರಿಕದ ಮೂರ್ ಮತ್ತು ಫೂಟ್ 1949ರಲ್ಲೇ ಬರೆದಿದ್ದರು. ಆದರೂ ಸ್ತನ ಕ್ಯಾನ್ಸರ್‌ಗೂ ರೋಗನಿರೋಧಕ ಶಕ್ತಿಗೂ ಅಷ್ಟೇನೂ ನಂಟಿಲ್ಲ ಎಂಬ ನಂಬಿಕೆ ದಶಕಗಟ್ಟಲೆ ಉಳಿದುಕೊಂಡಿತು. ಕೀಮೋಥೆರಪಿಯಂತೂ ಬಿಳಿ ರಕ್ತಕಣಗಳನ್ನು ಇಳಿಸುವ ಔಷಧ; ಅದಕ್ಕೆ ರೋಗನಿರೋಧಕ ವ್ಯವಸ್ಥೆಯ ನೆರವು ಬೇಕಾದೀತು ಎಂದು ಯಾರಿಗೂ ಸುಲಭಕ್ಕೆ ಹೊಳೆಯುವಂತಿರಲಿಲ್ಲ.

ಆ ಎಣಿಕೆಯನ್ನು ತಿರುಗಿಸಿದ್ದು ಪ್ಯಾರಿಸ್ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯಲ್ಲಿ ಗೀಡೊ ಕ್ರೋಮರ್ ಮತ್ತು ಲಾರೆನ್ಸ್ ಝಿಟ್ವೋಗೆಲ್ ನಡೆಸಿದ ಕೆಲಸ. ಡಾಕ್ಸೋರುಬಿಸಿನ್ ಗುಂಪಿನ ಔಷಧಗಳು, ಅಂದರೆ ಕೀಮೋ ವಾರ್ಡಿನಲ್ಲಿ ಕೆಂಪು ಬಣ್ಣದಿಂದಲೇ ಗುರುತು ಸಿಗುವ ಆ ಇಂಜೆಕ್ಷನ್, ಕ್ಯಾನ್ಸರ್ ಕೋಶವನ್ನು ಕೊಲ್ಲುವ ರೀತಿಯೇ ಬೇರೆ. ಸಾಯುತ್ತಿರುವ ಕೋಶದ ಒಳಗಿರಬೇಕಾದ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನ್ ಹೊರಮೈಗೆ ಬರುತ್ತದೆ ಎಂಬುದು 2007ರಲ್ಲಿ ತಿಳಿಯಿತು. ಕೋಶದಿಂದ ಇನ್ನೂ ಕೆಲವು ರಾಸಾಯನಿಕಗಳು ಸೋರುತ್ತವೆ. ಇವು ರೋಗನಿರೋಧಕ ಕಣಗಳನ್ನು ಕರೆಯುತ್ತವೆ. ಅವು ಸತ್ತ ಕೋಶದ ಚೂರುಗಳನ್ನು ನುಂಗಿ, ಅದರ ಗುರುತನ್ನು ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ-ಕೋಶಗಳಿಗೆ ಒಪ್ಪಿಸುತ್ತವೆ. ಟಿ-ಕೋಶಗಳೇ ಇಲ್ಲದ ಇಲಿಗಳಲ್ಲಿ ಅದೇ ಔಷಧದ ಪರಿಣಾಮ ಕುಂದಿತು. ಅಂದಮೇಲೆ ಔಷಧ ಒಳಗಿಳಿಯುವ ಮೊದಲೇ ಗಡ್ಡೆಯಲ್ಲಿ ಲಿಂಫೋಸೈಟ್‌ಗಳು ಜಮಾಯಿಸಿದ್ದರೆ ಸ್ಪಂದನೆ ಹೆಚ್ಚಬೇಕು.

ಹೆಚ್ಚಿತು. ಜರ್ಮನಿಯ ಎರಡು ಚಿಕಿತ್ಸಾ ಪ್ರಯೋಗಗಳಲ್ಲಿ ಭಾಗವಹಿಸಿದ್ದ 1058 ಹೆಂಗಸರ ಬಯಾಪ್ಸಿಗಳನ್ನು ಕಾರ್ಸ್ಟೆನ್ ಡೆಂಕರ್ಟ್ ಮತ್ತು ಸಂಗಡಿಗರು ಮತ್ತೆ ಪರಿಶೀಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಿಂಫೋಸೈಟ್‌ಗಳೇ ತುಂಬಿಕೊಂಡಿದ್ದ ಗಡ್ಡೆಗಳಲ್ಲಿ ಸುಮಾರು ಶೇ 40ರಷ್ಟು ಪೂರ್ಣ ಸ್ಪಂದನೆ ಕಂಡವು. ಒಂದೂ ಲಿಂಫೋಸೈಟ್ ಇಲ್ಲದವುಗಳಲ್ಲಿ ಆ ಪ್ರಮಾಣ ಶೇ 10ನ್ನೂ ಮುಟ್ಟಲಿಲ್ಲ.

ಆದರೆ ಎಣಿಸುವುದು ಹೇಗೆ? ಒಬ್ಬ ಪೆಥಾಲಜಿಸ್ಟ್ ಶೇ 20 ಎಂದದ್ದನ್ನು ಇನ್ನೊಬ್ಬರು ಶೇ 50 ಎಂದರೆ ಆ ಅಂಕಿಗೆ ಬೆಲೆಯಿಲ್ಲ. ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2014ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು. ದಪ್ಪ ಸೂಜಿಯಿಂದ ತೆಗೆದ ಅಂಗಾಂಶದ ಎಳೆಯನ್ನು ಮೇಣದ ಬ್ಲಾಕ್ ಮಾಡಿ, ಅದರಿಂದ ನಾಲ್ಕೈದು ಮೈಕ್ರಾನ್ ದಪ್ಪದ ಪದರ ಕೊಯ್ದು, ಹೆಮಟಾಕ್ಸಿಲಿನ್ ಮತ್ತು ಇಯೊಸಿನ್ ಬಣ್ಣ ಹಾಕುತ್ತಾರೆ. ಪ್ರತಿ ಬಯಾಪ್ಸಿಗೂ ಹೇಗಿದ್ದರೂ ಮಾಡುವ ಕೆಲಸವೇ ಇದು. ಕಡಿಮೆ ಶಕ್ತಿಯ ಲೆನ್ಸಿನಲ್ಲಿ ನೋಡಿದರೆ ಕ್ಯಾನ್ಸರ್ ಕೋಶಗಳು ಗುಂಪುಗುಂಪಾಗಿ ದ್ವೀಪಗಳಂತೆ ಹರಡಿರುತ್ತವೆ, ನಡುನಡುವೆ ನಸುಗೆಂಪು ನಾರಿನ ಅಂಗಾಂಶ. ಆ ನಾರಿನ ಜಾಗಕ್ಕೆ ಸ್ಟ್ರೋಮಾ ಎಂದು ಹೆಸರು. ಲಿಂಫೋಸೈಟ್‌ಗಳು ಅಲ್ಲಿ ಗಾಢ ನೀಲಿಯ ದುಂಡು ಚುಕ್ಕೆಗಳಾಗಿ ಕಾಣುತ್ತವೆ. ಒಟ್ಟು ಸ್ಟ್ರೋಮಾ ಜಾಗದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಅವು ಆವರಿಸಿವೆ ಎಂದು ಅಂದಾಜಿಸಬೇಕು. ಕ್ಯಾನ್ಸರ್ ಗುಂಪುಗಳ ಒಳಕ್ಕೇ ನುಗ್ಗಿದವನ್ನು ಇದರಲ್ಲಿ ಸೇರಿಸುವುದಿಲ್ಲ. ಅವು ಕೆಲವೇ ಇರುತ್ತವೆ, ಗುರುತಿಸುವುದೂ ಕಷ್ಟ. ಕೊಳೆತ ಜಾಗ, ಗಡ್ಡೆಯ ಅಂಚಿನಾಚೆಯ ಭಾಗ, ಹಿಂದೆ ಸೂಜಿ ಚುಚ್ಚಿದ ಗುರುತು, ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು, ಇವೆಲ್ಲ ಲೆಕ್ಕಕ್ಕಿಲ್ಲ. ದಟ್ಟವಾಗಿರುವ ಒಂದೇ ಮೂಲೆಯನ್ನು ನೋಡಿ ಅಂಕಿ ಕೊಡಬಾರದು, ಇಡೀ ಸ್ಲೈಡಿನ ಸರಾಸರಿ ಬೇಕು. ಅಭ್ಯಾಸವಿರುವವರಿಗೆ ಕೆಲವು ನಿಮಿಷಗಳ ಕೆಲಸ. ಹೋಲಿಕೆಗೆ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಬೇರೆ ಬೇರೆ ದೇಶಗಳ ಪೆಥಾಲಜಿಸ್ಟ್‌ಗಳ ಅಂಕಿಗಳೂ ಸಾಕಷ್ಟು ಹೊಂದುತ್ತವೆ ಎಂಬುದು ಪರೀಕ್ಷೆಗೊಳಪಟ್ಟ ಮಾತು. ಹೊಸ ಯಂತ್ರ ಬೇಡ, ಹೊಸ ರಾಸಾಯನಿಕ ಬೇಡ, ರೋಗಿಗೆ ಇನ್ನೊಮ್ಮೆ ಸೂಜಿಯೂ ಬೇಡ.

ಈ ಕ್ರಮದ ನಂತರ ಬಂದ ದೊಡ್ಡ ಲೆಕ್ಕ 2018ರದು. ಜರ್ಮನಿಯ ಆರು ಪ್ರಯೋಗಗಳ 3771 ರೋಗಿಗಳನ್ನು ಡೆಂಕರ್ಟ್ ತಂಡ ಮೂರು ಗುಂಪು ಮಾಡಿತು: ಟಿಲ್ ಶೇ 10ರವರೆಗೆ, 11ರಿಂದ 59, ಮತ್ತು 60 ಅಥವಾ ಹೆಚ್ಚು. ಹರ್-2 ಪಾಸಿಟಿವ್ ಬಗೆಯಲ್ಲಿ ಪೂರ್ಣ ಸ್ಪಂದನೆ ಕ್ರಮವಾಗಿ ಶೇ 32, 39, 48. ಟ್ರಿಪಲ್ ನೆಗೆಟಿವ್‌ನಲ್ಲಿ 31, 31, 50. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಬಗೆಯಲ್ಲಿ 6, 11, 28.

ಈ ಅಂಕಿಗಳನ್ನು ಅವಸರದಲ್ಲಿ ಓದಿದರೆ ಅಪಾಯವಿದೆ. ಲಿಂಫೋಸೈಟ್ ಕಡಿಮೆಯಿರುವ ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲೂ ಸುಮಾರು ಮೂರರಲ್ಲಿ ಒಂದು ಪೂರ್ತಿ ಕರಗಿದೆ. ತುಂಬಿಕೊಂಡಿರುವವುಗಳಲ್ಲೂ ಅರ್ಧದಷ್ಟು ಉಳಿದುಕೊಂಡಿವೆ. ಹಾಗಾಗಿ ಟಿಲ್ ಕಡಿಮೆ ಎಂಬ ಕಾರಣಕ್ಕೆ ಯಾವ ಹೆಣ್ಣುಮಗಳಿಗೂ ಕೀಮೋ ನಿಲ್ಲಿಸುವುದು ತಪ್ಪು, ಹೆಚ್ಚು ಎಂಬ ಕಾರಣಕ್ಕೆ ಪೂರ್ತಿ ಭರವಸೆ ಕೊಡುವುದೂ ತಪ್ಪು. ಹಾರ್ಮೋನ್ ಪಾಸಿಟಿವ್ ಬಗೆಯ ಫಲಿತಾಂಶ ಇನ್ನೂ ತೊಡಕಿನದು. ಅಲ್ಲಿ ಟಿಲ್ ಹೆಚ್ಚಿದ್ದವರ ಗಡ್ಡೆ ಕೀಮೋಗೆ ಚೆನ್ನಾಗಿ ಬಗ್ಗಿತು, ಆದರೆ ಒಟ್ಟಾರೆ ಆಯುಷ್ಯ ಕಡಿಮೆಯಾಗಿತ್ತು. ಆ ಬಗೆಯಲ್ಲಿ ಲಿಂಫೋಸೈಟ್‌ಗಳು ತುಂಬುವುದು ಬಹುಶಃ ವೇಗವಾಗಿ ಬೆಳೆಯುವ, ಹಾರ್ಮೋನ್ ಮಾತ್ರೆಗೆ ಅಷ್ಟಾಗಿ ಬಗ್ಗದ ಗಡ್ಡೆಯ ಗುರುತು. ಒಂದೇ ಅಂಕಿಗೆ ಒಂದು ಬಗೆಯಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಬೇರೆಯೇ ಅರ್ಥ.

ಲಿಂಫೋಸೈಟ್‌ಗಳೆಲ್ಲ ಒಂದೇ ಕೆಲಸದವೂ ಅಲ್ಲ. ಸಿಡಿ-8 ಗುರುತಿನವು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ, ಫಾಕ್ಸ್‌ಪಿ-3 ಗುರುತಿನವು ಆ ದಾಳಿಗೆ ಕಡಿವಾಣ ಹಾಕುತ್ತವೆ. ಇವನ್ನು ಬೇರೆ ಬೇರೆಯಾಗಿ ಎಣಿಸಲು ಪ್ರತ್ಯೇಕ ಬಣ್ಣದ ಪರೀಕ್ಷೆಗಳಿವೆ. ಆದರೆ ಎರಡೂ ಸಾಮಾನ್ಯವಾಗಿ ಒಟ್ಟೊಟ್ಟಿಗೇ ಏರುವುದರಿಂದ, ಆ ಖರ್ಚಿಗೆ ತಕ್ಕ ಹೆಚ್ಚಿನ ತಿಳಿವಳಿಕೆ ದಿನನಿತ್ಯದ ಚಿಕಿತ್ಸೆಯಲ್ಲಿ ಸಿಕ್ಕಿಲ್ಲ. ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸಿಗುವ ನ್ಯೂಟ್ರೊಫಿಲ್ ಮತ್ತು ಲಿಂಫೋಸೈಟ್ ಅನುಪಾತದ ಮೇಲೂ ಹಲವರು ಆಸೆ ಇಟ್ಟಿದ್ದಾರೆ. ಒಂದು ಸಣ್ಣ ಸೋಂಕು, ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಸಾಕು ಆ ಅನುಪಾತ ಏರುಪೇರಾಗಲು. ಅದನ್ನು ನೆಚ್ಚಿ ಚಿಕಿತ್ಸೆ ನಿರ್ಧರಿಸುವಂತಿಲ್ಲ.

ಇನ್ನೊಂದು ಗುರುತಾದ ಪಿಡಿ-ಎಲ್1ರ ಕಥೆಗೆ ಸ್ವಲ್ಪ ನಿಲ್ಲಬೇಕು. ಟಿ-ಕೋಶದ ಮೇಲಿನ ಪಿಡಿ-1 ಎಂಬ ತಡೆಯನ್ನು ಜಪಾನಿನ ತಸುಕು ಹೊಂಜೊ ತಂಡ 1992ರಲ್ಲಿ ಗುರುತಿಸಿತು. 2018ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಕ್ಯಾನ್ಸರ್ ಕೋಶ ತನ್ನ ಪಿಡಿ-ಎಲ್1 ಪ್ರೋಟೀನಿನಿಂದ ಈ ತಡೆಯನ್ನು ಒತ್ತಿ ಟಿ-ಕೋಶವನ್ನು ಸುಮ್ಮನಾಗಿಸುತ್ತದೆ. ಆ ಒತ್ತಡ ಬೀಳದಂತೆ ಮಾಡುವ ಪೆಂಬ್ರೊಲಿಜುಮಾಬ್ ಔಷಧವನ್ನು ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಕೀಮೋ ಜೊತೆ ಕೊಟ್ಟು ನೋಡಿದ ಕೀನೋಟ್-522 ಪ್ರಯೋಗದ ಮೊದಲ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಪೂರ್ಣ ಸ್ಪಂದನೆ ಶೇ 51.2ರಿಂದ 64.8ಕ್ಕೆ ಏರಿತು. ಪಿಡಿ-ಎಲ್1 ಇರುವವರಿಗೇ ಲಾಭ ಎಂಬ ನಿರೀಕ್ಷೆಯಿತ್ತು. ಆದದ್ದೇ ಬೇರೆ: ಪಾಸಿಟಿವ್ ಇದ್ದವರಲ್ಲಿ 54.9 ಇದ್ದದ್ದು 68.9 ಆಯಿತು, ನೆಗೆಟಿವ್ ಇದ್ದವರಲ್ಲಿ 30.3 ಇದ್ದದ್ದು 45.3 ಆಯಿತು. ಲಾಭ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಬರೀ ಕೀಮೋ ಪಡೆದವರಲ್ಲೂ ಪಾಸಿಟಿವ್ ಗುಂಪು ಬಹಳ ಮುಂದಿತ್ತು ಎಂಬುದನ್ನು ಗಮನಿಸಬೇಕು. ಫಲವತ್ತಾದ ಹೊಲ ಗೊಬ್ಬರ ಹಾಕದಿದ್ದರೂ ಚೆನ್ನಾಗಿ ಬೆಳೆಯುತ್ತದೆ. ಗೊಬ್ಬರದಿಂದ ಎಷ್ಟು ಹೆಚ್ಚಿತು ಎಂಬುದು ಬೇರೆ ಲೆಕ್ಕ. ಯಾರ ಫಲಿತಾಂಶ ಚೆನ್ನಾಗಿರುತ್ತದೆ ಎಂದು ಹೇಳುವ ಗುರುತು, ಯಾವ ಔಷಧ ಯಾರಿಗೆ ಬೇಕು ಎಂದು ಹೇಳಲಾರದೆ ಹೋಗಬಹುದು. ಒಂದು ಡೋಸಿಗೆ ಲಕ್ಷಗಳಲ್ಲಿ ಬೆಲೆ ತೆರಬೇಕಾದ ಔಷಧದ ವಿಷಯದಲ್ಲಿ ಈ ವ್ಯತ್ಯಾಸ ಮರೆತರೆ ಕುಟುಂಬಗಳು ಸಾಲಕ್ಕೆ ಬೀಳುತ್ತವೆ.

ಕೀಮೋವನ್ನೇ ಪಡೆಯದವರ ಅಧ್ಯಯನಗಳೂ ಬಂದಿವೆ. ನೆದರ್ಲೆಂಡ್ಸ್‌ನಲ್ಲಿ ಹಿಂದೆ ಕೀಮೋ ಇಲ್ಲದೆ ಚಿಕಿತ್ಸೆ ಪಡೆದಿದ್ದ, 40 ವರ್ಷದೊಳಗಿನ, ಕಂಕುಳಿಗೆ ಹರಡದ ಟ್ರಿಪಲ್ ನೆಗೆಟಿವ್ ರೋಗಿಗಳ ಹಳೆಯ ಬ್ಲಾಕ್‌ಗಳನ್ನು ತೆಗೆದು ನೋಡಿದ ವರದಿ 2022ರಲ್ಲಿ ಪ್ರಕಟವಾಯಿತು. ಟಿಲ್ ಶೇ 75 ಅಥವಾ ಹೆಚ್ಚಿದ್ದವರಲ್ಲಿ 15 ವರ್ಷಗಳಲ್ಲಿ ರೋಗ ದೂರದ ಅಂಗಗಳಿಗೆ ಹರಡಿದವರು ಅಥವಾ ತೀರಿಕೊಂಡವರು ಶೇ 2ರಷ್ಟು ಮಂದಿ. ಶೇ 30ಕ್ಕಿಂತ ಕಡಿಮೆಯಿದ್ದವರಲ್ಲಿ ಶೇ 38ರಷ್ಟು. ಹಲವು ದೇಶಗಳ 1966 ರೋಗಿಗಳ 2024ರ ಅಧ್ಯಯನವೂ ಇದೇ ದಿಕ್ಕನ್ನು ತೋರಿಸಿತು. ಇಂಥ ರೋಗಿಗಳಿಗೆ ಕೀಮೋ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇವೆಲ್ಲ ಹಿಂದಿರುಗಿ ನೋಡಿದ ಲೆಕ್ಕಗಳು. ಮುಂಚಿತವಾಗಿ ಯೋಜಿಸಿದ ಪ್ರಯೋಗಗಳಲ್ಲಿ ಉತ್ತರ ಸಿಗುವವರೆಗೆ ಕೀಮೋ ಬಿಡಿಸುವ ಧೈರ್ಯವನ್ನು ಯಾರೂ ಮಾಡಬಾರದು.

ಭಾರತಕ್ಕೆ ಈ ವಿಷಯ ಇನ್ನೂ ಹತ್ತಿರದ್ದು. 2022ರ ಜಾಗತಿಕ ಅಂದಾಜಿನ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು. ಪಾಶ್ಚಾತ್ಯ ದೇಶಗಳಲ್ಲಿ ಟ್ರಿಪಲ್ ನೆಗೆಟಿವ್ ಬಗೆ ಶೇ 10ರಿಂದ 15ರಷ್ಟಿದ್ದರೆ, ಭಾರತದ ಅಧ್ಯಯನಗಳಲ್ಲಿ ಮೂರನೇ ಒಂದರ ಹತ್ತಿರ. ಟಿಲ್ ಅತ್ಯಂತ ಉಪಯುಕ್ತವಾಗಿರುವುದು ಇದೇ ಬಗೆಯಲ್ಲಿ. ಟ್ರಿಪಲ್ ನೆಗೆಟಿವ್ ರೋಗಿಗಳ ವರದಿಯಲ್ಲಿ ಟಿಲ್ ಅಂಕಿ ನಮೂದಿಸಬೇಕೆಂದು ಸೇಂಟ್ ಗಾಲೆನ್ ತಜ್ಞರ ಸಭೆ 2019ರಲ್ಲೇ ಶಿಫಾರಸು ಮಾಡಿದೆ. ಕರ್ನಾಟಕದ ಸರ್ಕಾರಿ, ಖಾಸಗಿ ಲ್ಯಾಬ್‌ಗಳೆಲ್ಲ ಗಡ್ಡೆಯ ಗ್ರೇಡ್, ಇಆರ್, ಪಿಆರ್, ಹರ್-2 ಬರೆಯುವ ಪುಟದಲ್ಲೇ ಆ ಒಂದು ಸಾಲನ್ನು ಸೇರಿಸಬೇಕು. ಇಂದು ಆ ಸಾಲು ಚಿಕಿತ್ಸೆಯನ್ನು ಬದಲಿಸದಿರಬಹುದು. ಆದರೆ ಇಲ್ಲಿಯ ಹೆಂಗಸರ ಅಂಕಿಗಳು ಇಲ್ಲಿಯೇ ಸಂಗ್ರಹವಾಗದಿದ್ದರೆ, ಮುಂದೆ ಕೀಮೋ ಇಳಿಸುವ ಮಿತಿಯನ್ನು ಜರ್ಮನಿ, ನೆದರ್ಲೆಂಡ್ಸ್‌ನ ರೋಗಿಗಳ ಲೆಕ್ಕದಿಂದಲೇ ತಂದು ಇಲ್ಲಿಗೆ ಹಚ್ಚಬೇಕಾಗುತ್ತದೆ.

ಅದಕ್ಕೂ ಮೊದಲು ಸರಿಯಾಗಬೇಕಾದದ್ದು ಬಯಾಪ್ಸಿಯ ಡಬ್ಬಿ. ಸಣ್ಣ ಊರಿನ ಆಸ್ಪತ್ರೆಯಲ್ಲಿ ತೆಗೆದ ಅಂಗಾಂಶವನ್ನು ಸಲೈನ್‌ನಲ್ಲೋ ಸ್ಪಿರಿಟ್‌ನಲ್ಲೋ ಹಾಕಿ, ರೋಗಿಯ ಮಗನ ಕೈಗೆ ಕೊಟ್ಟು ರಾತ್ರಿ ಬಸ್ಸಿಗೆ ಹತ್ತಿಸಿದರೆ, ಬೆಳಿಗ್ಗೆ ನಗರದ ಲ್ಯಾಬ್ ಸೇರುವ ಹೊತ್ತಿಗೆ ಕೋಶಗಳು ಕೆಟ್ಟಿರುತ್ತವೆ. ಅಂಥ ಸ್ಲೈಡಿನಲ್ಲಿ ಲಿಂಫೋಸೈಟ್ ಎಣಿಕೆ ಇರಲಿ, ಇಆರ್ ಪರೀಕ್ಷೆಯೇ ದಾರಿ ತಪ್ಪಿಸಬಹುದು. ಹಾರ್ಮೋನ್ ಪಾಸಿಟಿವ್ ಆಗಿದ್ದ ಗಡ್ಡೆ ಟ್ರಿಪಲ್ ನೆಗೆಟಿವ್ ಎಂಬ ಹಣೆಪಟ್ಟಿ ಹೊರಬಹುದು. ಅಂಗಾಂಶ ಒಂದು ಗಂಟೆಯೊಳಗೆ ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು, ಡಬ್ಬಿಯ ಮೇಲೆ ಹಾಕಿದ ಸಮಯ ಬರೆದಿರಬೇಕು. ಇದಕ್ಕೆ ತಗಲುವ ಖರ್ಚು ತೀರಾ ಅಲ್ಪ.