ಅಜ್ಜಿಯನ್ನು ಕೇಳಿದವರು ಯಾರು?

ದೀಪಾವಳಿಗೆಂದು ಊರಿಗೆ ಬಂದ ಮೂವರು ಮಕ್ಕಳು ಹಬ್ಬದ ಮರುದಿನ ಜಗುಲಿಯಲ್ಲಿ ಕುಳಿತಿದ್ದಾರೆ. ಮಾತು ತಾಯಿಯದು. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರು ಒಬ್ಬರೇ ಇರುವಂತಿಲ್ಲ. ‘ನಾಲ್ಕು ನಾಲ್ಕು ತಿಂಗಳು ಇಟ್ಟುಕೊಳ್ಳೋಣ’ ಎನ್ನುತ್ತಾನೆ ಹಿರಿಯ ಮಗ. ‘ನಮ್ಮದು ಚಿಕ್ಕ ಮನೆ, ಮಗನಿಗೆ ಪಿಯುಸಿ ಪರೀಕ್ಷೆ ಬೇರೆ’ ಎಂಬುದು ಕಿರಿಯವನ ಅಡಚಣೆ. ‘ತೋಟ ಎರಡು ಪಾಲು, ಅಮ್ಮ ಮಾತ್ರ ಮೂರು ಪಾಲೋ?’ ಎಂದು ಮಗಳು ಕೇಳುತ್ತಾಳೆ. ಒಳಕೋಣೆಯಲ್ಲಿ ಮಲಗಿದ ಅಜ್ಜಿಗೆ ಎಲ್ಲವೂ ಕೇಳಿಸುತ್ತಿದೆ. ಬಾಗಿಲ ಬಳಿ ನಿಂತ ಪಿಯುಸಿ ಹುಡುಗನಿಗೂ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮೂವರ ಮಾತಿನಲ್ಲೂ ಸುಳ್ಳಿಲ್ಲ ಎಂಬುದೇ ಇಂಥ ಜಗಳದ ಕಷ್ಟ.

ಕಾನೂನು ಏನನ್ನುತ್ತದೆ? ಸ್ವಂತ ಆದಾಯವಿರುವ ಮಗಳು ಮದುವೆಯಾಗಿದ್ದರೂ ತಂದೆತಾಯಿಯ ಪೋಷಣೆಗೆ ಹೊಣೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಆಕೆಗೆ ಸಮಪಾಲೂ ಇದೆ. ಹೊಣೆಯನ್ನು ನೆನಪಿಸುವವರು ಪಾಲನ್ನು ಮರೆಯಬಾರದು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಂತೆ ‘ಮಕ್ಕಳು’ ಎಂದರೆ ಮಗ, ಮಗಳು ಮಾತ್ರವಲ್ಲ. 18 ತುಂಬಿದ ಮೊಮ್ಮಗ, ಮೊಮ್ಮಗಳೂ ಹೌದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, ಆ ದಾನಪತ್ರವನ್ನು ನ್ಯಾಯಮಂಡಳಿ ರದ್ದುಪಡಿಸಬಹುದು.

ಆದರೆ ನ್ಯಾಯಮಂಡಳಿ ಹಣ ಕೊಡಿಸೀತು; ನಡುರಾತ್ರಿ ಎದ್ದು ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯುವವರು ಯಾರು ಎಂದು ತೀರ್ಮಾನಿಸಲಾರದು. ಅದನ್ನು ಮನೆಯವರೇ ನಿರ್ಧರಿಸಬೇಕು. ಹಾಗೆ ನಿರ್ಧರಿಸುವ ಮೊದಲು ಕೇಳಬೇಕಾದದ್ದು ಅಜ್ಜಿಯನ್ನೇ.

ಕೇಳಿದರೆ ಬಹಳಷ್ಟು ಹಿರಿಯರು ಹೇಳುವುದು ಒಂದೇ ಮಾತು: ‘ಎಲ್ಲಾದರೂ ಸರಿ, ಪದೇ ಪದೇ ಗಂಟು ಕಟ್ಟುವುದು ಬೇಡ.’ ಮಕ್ಕಳ ಕಣ್ಣಿಗೆ ನ್ಯಾಯವಾಗಿ ಕಾಣುವ ಸರದಿ, ತಾಯಿಗೆ ನಾಲ್ಕು ತಿಂಗಳಿಗೊಮ್ಮೆ ಹೊಸ ಹಾಸಿಗೆ, ಹೊಸ ಡಾಕ್ಟರು, ಕತ್ತಲಲ್ಲಿ ತಡವಬೇಕಾದ ಹೊಸ ಬಚ್ಚಲು. ಮತ್ತೆ ಬೀಳುವ ಭಯವಂತೂ ಇದ್ದೇ ಇದೆ.

ಆದ್ದರಿಂದ ತಾಯಿಯನ್ನು ಹಂಚಿಕೊಳ್ಳುವ ಬದಲು ಕೆಲಸವನ್ನು ಹಂಚಿಕೊಳ್ಳುವುದು ಮೇಲು. ಒಂದು ಹಾಳೆಯಲ್ಲಿ ಬರೆಯಿರಿ: ಸ್ನಾನ, ರಾತ್ರಿಯ ಆರೈಕೆ, ಔಷಧಿ, ಆಸ್ಪತ್ರೆಗೆ ಓಡಾಟ, ಖರ್ಚು, ಜೊತೆಗೆ ಕುಳಿತು ಮಾತನಾಡುವುದು. ಮನೆಯಲ್ಲಿ ಇಟ್ಟುಕೊಳ್ಳಲಾರದವರು ಸಹಾಯಕಿಯ ಸಂಬಳ ಕೊಡಲಿ. ಬಚ್ಚಲಿಗೆ ಹಿಡಿಕೆ, ಜಾರದ ನೆಲ, ರಾತ್ರಿಯಿಡೀ ಉರಿಯುವ ಒಂದು ದೀಪ ಇವಕ್ಕೆ ಹೆಚ್ಚು ಹಣ ಬೇಡ. ‘ನಾನು ನೋಡಿಕೊಳ್ಳುತ್ತೇನೆ’ ಎಂದು ಮಗ ಹೇಳಿದಾಗ ಕೆಲಸ ಬೀಳುವುದು ಸಾಮಾನ್ಯವಾಗಿ ಸೊಸೆಯ ಮೇಲೆ. ಆ ಹಾಳೆಯಲ್ಲಿ ಅವಳ ಬಿಡುವಿನ ದಿನಗಳೂ ಇರಲಿ.

ವಿದ್ಯಾರ್ಥಿಗಳಿಗೂ ಅದರಲ್ಲಿ ಒಂದು ಸಾಲು ಬೇಕು. ಔಷಧಿಯ ಹೊತ್ತನ್ನು ನೆನಪಿಸುವುದು, ಸಂಜೆ ಕೈಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುವುದು ಓದಿಗೆ ಅಡ್ಡಿಯಾಗದು. ಹಿರಿಯರ ವಿಚಾರ ಬಂದಾಗ ‘ನೀನು ಒಳಗೆ ಹೋಗಿ ಓದಿಕೋ’ ಎಂದು ತಂದೆತಾಯಿ ಮಕ್ಕಳನ್ನು ಅಟ್ಟಬಾರದು. ‘ಅಜ್ಜೀ, ನಿನಗೆ ಎಲ್ಲಿರೋಕೆ ಇಷ್ಟ?’ ಎಂದು ಕೇಳುವ ಧೈರ್ಯ ಕೆಲವೊಮ್ಮೆ ಬಾಗಿಲ ಬಳಿ ನಿಂತ ಹುಡುಗನಿಗೇ ಇರುತ್ತದೆ.