ಬ್ಯಾಕ್ಟೀರಿಯಾ ಸಾಕ್ಷಿ ಹೇಳೀತೆ?

2021ರಲ್ಲಿ ಇಫ್ಕೋ ನ್ಯಾನೋ ಯೂರಿಯಾ ತಂದ ಮೇಲೆ ಬೈಲಹೊಂಗಲದ ಹತ್ತಿ ಬೆಳೆಗಾರನಿಗೂ ‘ನ್ಯಾನೋ’ ಹೊಸ ಮಾತಲ್ಲ. ಈಗ ಸತು, ತಾಮ್ರದ ನ್ಯಾನೋ ದ್ರಾವಣಗಳೂ ಅದರ ಬೆನ್ನಿಗಿವೆ. ಇತ್ತ ಕಿತ್ತೂರು ದಾಟಿ ಧಾರವಾಡಕ್ಕೆ ಹೋದರೆ, ಎಲೆಯ ರಸಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ ಬೆಳ್ಳಿಯ ಕಣ ಮಾಡುವುದು ಸಂಶೋಧನಾ ವಿದ್ಯಾರ್ಥಿಗಳಿಗೆ ರೂಢಿಯ ಕೆಲಸ. ದ್ರಾವಣ ಕಂದುಬಣ್ಣಕ್ಕೆ ತಿರುಗಿತೋ, ಕಣ ಹುಟ್ಟಿತೆಂದು ಲೆಕ್ಕ. ಈ ಕಣ ವಂಶವಾಹಿಗೆ ಪೆಟ್ಟು ಕೊಡುತ್ತದೆಯೇ ಎಂಬುದು ಆಮೇಲಿನ ಪ್ರಶ್ನೆ.

ಅದಕ್ಕೆ ಸುಲಭವಾಗಿ ಕೈಗೆ ಸಿಗುವುದು ಏಮ್ಸ್ ಪರೀಕ್ಷೆ. ಬರ್ಕ್‌ಲಿಯ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ್ದು. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ತಯಾರಿಸಲು ಬಾರದ ಸಾಲ್ಮೊನೆಲ್ಲಾ ತಳಿಯನ್ನು, ಹಿಸ್ಟಿಡಿನ್ ಹೆಸರಿಗಷ್ಟೇ ಇರುವ ಅಗರ್ ತಟ್ಟೆಯಲ್ಲಿ ಪರೀಕ್ಷೆಯ ವಸ್ತುವಿನೊಂದಿಗೆ ಹರಡುತ್ತಾರೆ. 37 ಡಿಗ್ರಿ ಶಾಖ, ಎರಡು ದಿನ. ವಂಶವಾಹಿ ಬದಲಾಗಿ ಆ ಶಕ್ತಿ ಮರಳಿ ಪಡೆದವಷ್ಟೇ ಚುಕ್ಕೆಗಳಾಗಿ ಬೆಳೆಯುತ್ತವೆ. ತಾನಾಗಿ ಹುಟ್ಟುವ ಚುಕ್ಕೆಗಳಿಗಿಂತ ಇವು ಸ್ಪಷ್ಟವಾಗಿ ಹೆಚ್ಚಾದರೆ ಪೆಟ್ಟು ಬಿದ್ದಿದೆ ಎಂದರ್ಥ. ಎಂಥ ಜಾಣ ಉಪಾಯ!

ನನ್ನ ತಕರಾರು ‘ಚುಕ್ಕೆ ಹೆಚ್ಚಲಿಲ್ಲ, ಆದ್ದರಿಂದ ಸುರಕ್ಷಿತ’ ಎಂಬ ತೀರ್ಪಿನ ಮೇಲೆ. ಸಾಕ್ಷಿ ಸ್ಥಳದಲ್ಲೇ ಇರದಿದ್ದರೆ ಅವನ ‘ನೋಡಿಲ್ಲ’ಕ್ಕೆ ಏನು ಬೆಲೆ? ಬ್ಯಾಕ್ಟೀರಿಯಾದ ಹೊರಪೊರೆಯ ರಂಧ್ರ ಸುಮಾರು ಒಂದು ನ್ಯಾನೋಮೀಟರ್. ಕಣ ಹತ್ತಿಪ್ಪತ್ತರಿಂದ ನೂರರವರೆಗೆ. ಏಮ್ಸ್ ತಳಿಗಳ ಪೊರೆಯನ್ನು ಬೇಕೆಂದೇ ಸಡಿಲಿಸಿರುತ್ತಾರೆ ನಿಜ, ಆದರೆ ಅದು ದೊಡ್ಡ ಅಣುಗಳಿಗೆಂದು. ನಮ್ಮ ಜೀವಕೋಶ ಕಣವನ್ನು ನುಂಗಬಲ್ಲದು, ಬ್ಯಾಕ್ಟೀರಿಯಾಕ್ಕೆ ಆ ವಿದ್ಯೆ ಇಲ್ಲ. ಬೆಳ್ಳಿಯಂತೂ ಅದನ್ನು ಕೊಂದೇ ಬಿಡುತ್ತದೆ, ಗಾಯದ ಪಟ್ಟಿಗೆ ಬೆಳ್ಳಿ ಹಾಕುವುದೇ ಅದಕ್ಕೆ. ಸತ್ತದ್ದು ಚುಕ್ಕೆ ಕಟ್ಟುವುದೆಲ್ಲಿಂದ ಬಂತು? ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಚುಕ್ಕೆಗಳ ಹಿಂದೆ ಬ್ಯಾಕ್ಟೀರಿಯಾದ ತೆಳು ಹಾಸು ಕಾಣಬೇಕು. ಅದು ವಿರಳವಾಗಿದ್ದರೆ ಎಣಿಕೆ ಕೆಟ್ಟಂತೆಯೇ. ಹಾಸಿನ ಮಾತೇ ಎತ್ತದ ವರದಿಯನ್ನು ನಾನು ನಂಬಲಾರೆ.

ಲೋಹಗಳ ಮುಂದೆ ಈ ಪರೀಕ್ಷೆ ಹಿಂದಿನಿಂದಲೂ ಮುಗ್ಗರಿಸಿದೆ. ಆರ್ಸೆನಿಕ್, ಕ್ಯಾಡ್ಮಿಯಂ, ನಿಕ್ಕಲ್ ಸಂಯುಕ್ತಗಳು ಮನುಷ್ಯರಿಗೆ ಕ್ಯಾನ್ಸರ್ ತರುವುದು ಸಿದ್ಧವಾದ ಸಂಗತಿ. ಏಮ್ಸ್ ತಟ್ಟೆಯಲ್ಲಿ ಅವು ಬಹುಮಟ್ಟಿಗೆ ಸಭ್ಯರಾಗಿಯೇ ಉಳಿಯುತ್ತವೆ. ನ್ಯಾನೋ ವಸ್ತುಗಳಿಗೆ ಇದು ತಕ್ಕ ಪರೀಕ್ಷೆಯಲ್ಲ, ಸಸ್ತನಿಗಳ ಜೀವಕೋಶದಲ್ಲಿ ನೋಡಿ ಎಂದು ಇಂಥ ಪರೀಕ್ಷೆಗಳಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ರೂಪಿಸುವ ಒಇಸಿಡಿಯ ತಜ್ಞರೂ ಹೇಳಿದ್ದಾರೆ. ಅದಕ್ಕೆ ಖರ್ಚು ಹೆಚ್ಚು, ಸಣ್ಣ ಕಾಲೇಜಿನ ಪ್ರಯೋಗಾಲಯಕ್ಕೆ ಎಟುಕದು. ಎಟುಕದಿದ್ದರೆ ‘ಸುರಕ್ಷಿತ’ ಎಂಬ ಮಾತನ್ನಾದರೂ ಬರೆಯದೆ ಬಿಡಬಹುದು.

ಹಾಗಂತ ಬ್ಯಾಕ್ಟೀರಿಯಾವನ್ನೇ ಕೈಬಿಡಬೇಕಿಲ್ಲ. ಮನುಷ್ಯನ ಪರವಾಗಿ ಅದನ್ನು ಕೇಳುವ ಬದಲು ಅದರ ಪಾಡನ್ನೇ ಕೇಳಬಹುದು. ಸವದತ್ತಿ, ರಾಮದುರ್ಗದ ಎರೆ ಹೊಲದ ಹಿಂಗಾರಿ ಕಡಲೆಗೆ ಸಾರಜನಕ ಒದಗಿಸುವುದು ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ. ಸಿಂಪಡಿಸಿದ ಸತು, ತಾಮ್ರದಲ್ಲಿ ಎಷ್ಟು ಮಣ್ಣಿಗಿಳಿಯಿತು, ಎಷ್ಟು ಕರಗಿ ಅಯಾನಾಯಿತು, ಮುಂದಿನ ಬೆಳೆಗೆ ಗಂಟು ಮೊದಲಿನಷ್ಟೇ ಕಟ್ಟಿತೇ ಎಂಬುದನ್ನು ಆ ಮಣ್ಣಿನಲ್ಲೇ ಅಳೆಯಬೇಕು. ಗಿಡ ಕಿತ್ತು, ಬೇರು ತೊಳೆದು, ಗಂಟು ಎಣಿಸುವ ಕೆಲಸಕ್ಕೆ ಸಣ್ಣ ಕಾಲೇಜೂ ಸಾಕು.