ಊರಿನ ಪುಟ ಊರಿನವರೇ ತಿದ್ದಲಿ

ಪತ್ರಿಕೆಯ ವರದಿಯಲ್ಲಿ ಊರಿನ ವಿಷಯ ತಿದ್ದಬೇಕಾದರೆ ಬರೆದವರೇ ಮನಸ್ಸು ಮಾಡಬೇಕು. ವಿಕಿಯಲ್ಲಿ ಹಾಗಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಪುಟವಿದ್ದರೆ ‘ಸಂಪಾದಿಸಿ’ ಒತ್ತಿ ಮೊಬೈಲಿನಲ್ಲೇ ತಿದ್ದಬಹುದು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಕಿಡಿಗೇಡಿಗಳು ಅಳಿಸಿದರೆ ಹಳೆಯದನ್ನು ವಾಪಸ್ ತರಬಹುದು. ಬರೆಯುವವರು ಕೂಡಿ ಮಾತಾಡುವ ಜಾಗಕ್ಕೆ ಅಲ್ಲಿ ಇಟ್ಟಿರುವ ಹೆಸರೇ ಅರಳಿ ಕಟ್ಟೆ!

ತೊಡಕು ಬೇರೆ ಕಡೆ ಇದೆ. ಕೆರೆ ಕಟ್ಟಿಸಿದ್ದು ಯಾರು ಎಂದು ಅಜ್ಜ ಹೇಳಿದರೆ ವಿಕಿ ಒಪ್ಪುವುದಿಲ್ಲ, ಪ್ರಕಟವಾದ ಆಧಾರ ಕೇಳುತ್ತದೆ. ಹಳ್ಳಿಯ ತಿಳಿವಳಿಕೆ ಬಹುಪಾಲು ಬಾಯಲ್ಲೇ ಇರುವುದರಿಂದ ಪೆಟ್ಟು ನಮಗೇ ಜಾಸ್ತಿ. ಹಾಗಂತ ನಿಯಮ ತಪ್ಪು ಅನ್ನಲಾರೆವು. ಅದಿಲ್ಲದಿದ್ದರೆ ಪ್ರತಿ ಮನೆಯವರೂ ತಮ್ಮ ಮುತ್ತಜ್ಜನೇ ಕೆರೆ ಕಟ್ಟಿಸಿದ್ದು ಎಂದು ಬರೆದಾರು.

ಅದಕ್ಕೇ ಹೇಳುವುದು, ಸ್ಟ್ರಿಂಗರ್‌ಗಳಾದ ನಾವು ಅಪಘಾತ, ಸಮಾರಂಭಗಳ ಜೊತೆ ಕೆರೆ, ಜಾತ್ರೆಗಳ ಹಿಂದಿನ ಸಂಗತಿಯನ್ನೂ ಹಿರಿಯರಿಂದ ಕೇಳಿ ಪತ್ರಿಕೆಗೆ ಕಳಿಸಬೇಕು. ಅಚ್ಚಾದ ಮೇಲೆ ಪತ್ರಿಕೆಯ ಹೆಸರು, ದಿನಾಂಕ ಕೊಟ್ಟು ನೀವು ವಿಕಿಗೆ ಸೇರಿಸಿ. ಊರಲ್ಲಿ ಕಲ್ಲುಶಾಸನವಿದ್ದರೆ ನಮ್ಮನ್ನು ಕಾಯಬೇಡಿ. ಶಾಸನಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಿ.